ಹೊರಗಿನವರಿಗೆ ಬೇಗ ಕೆಲಸ ಸಿಗುತ್ತಾ? ನಿರುದ್ಯೋಗದ ದಿನಗಳನ್ನು ಎಣಿಸುವುದು ಹೇಗೆ?

'ಹೊರಗಿಂದ ಬಂದವನಿಗೆ ವಾರದಲ್ಲಿ ಕೆಲಸ, ನಮ್ಮ ಹುಡುಗರು ವರ್ಷಗಟ್ಟಲೆ ಮನೇಲಿ.' ರಾಜಾಜಿನಗರದ ದರ್ಶಿನಿಯಿಂದ ಕೆಂಗೇರಿಯ ಮೆಟ್ರೋ ಮೆಟ್ಟಿಲವರೆಗೆ ಈ ಮಾತು ಕೇಳದವರು ಕಡಿಮೆ. ಅದಕ್ಕೆ ಎದುರು ಮಾತೂ ಸಿದ್ಧವಾಗಿರುತ್ತೆ: 'ನಮ್ಮವರಿಗೆ ಕಷ್ಟದ ಕೆಲಸ ಬೇಡ ಸಾರ್.' ಎರಡೂ ಕಡೆಯವರು ಹೇಳ್ತಿರೋದು ನಿರುದ್ಯೋಗದ ಪ್ರಮಾಣದ ಬಗ್ಗೆ ಅಲ್ಲ, ಅವಧಿಯ ಬಗ್ಗೆ. ಅಂದರೆ ಎಷ್ಟು ಜನಕ್ಕೆ ಕೆಲಸ ಇಲ್ಲ ಅನ್ನೋದಲ್ಲ, ಕೆಲಸ ಸಿಗಲು ಎಷ್ಟು ದಿನ ಬೇಕಾಯ್ತು ಅನ್ನೋದು.

ಇದು ಹರಟೆಗೆ ಸೀಮಿತವಾದ ವಿಷಯವೂ ಅಲ್ಲ. 2024ರ ಜುಲೈ 15ರಂದು ರಾಜ್ಯ ಸಂಪುಟ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳ ವಿರೋಧ ಬಂದ ಮೇಲೆ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಇಲ್ಲಿಯವರೆಗೆ ನಾವು ಇದೇ ಜಾಗದಲ್ಲಿ ಸುತ್ತುತ್ತಿದ್ದೇವೆ. ಹಾಗಾಗಿ ಮುಂದಿನ ಸುತ್ತಿನ ಗಲಾಟೆ ಶುರುವಾಗುವ ಮೊದಲು, 'ಬೇಗ' ಮತ್ತು 'ತಡ' ಎಂಬ ಪದಗಳನ್ನು ಅಳೆಯುವ ವಿಧಾನ ತಿಳಿದಿರುವುದು ಒಳ್ಳೆಯದು.

ಬಲ್ಬಿನ ಆಯಸ್ಸು, ನಿರುದ್ಯೋಗದ ಆಯಸ್ಸು

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಯಂತ್ರದ ಭಾಗ ಎಷ್ಟು ಗಂಟೆ ಬಾಳುತ್ತೆ ಎಂದು ಲೆಕ್ಕ ಹಾಕುವುದನ್ನು ಕಲಿಸುತ್ತಾರೆ. ವೈದ್ಯಕೀಯದಲ್ಲಿ ಇದೇ ಗಣಿತವನ್ನು ರೋಗಿ ಎಷ್ಟು ಕಾಲ ಬದುಕುತ್ತಾರೆ ಎಂದು ತಿಳಿಯಲು ಬಳಸುತ್ತಾರೆ. ಅದಕ್ಕೇ ಹೆಸರು ಸರ್ವೈವಲ್ ಅನಾಲಿಸಿಸ್. 1958ರಲ್ಲಿ ಕಪ್ಲಾನ್ ಮತ್ತು ಮೈಯರ್, 1972ರಲ್ಲಿ ಡೇವಿಡ್ ಕಾಕ್ಸ್ ಇದಕ್ಕೆ ಇವತ್ತಿಗೂ ಬಳಕೆಯಲ್ಲಿರುವ ಸಾಧನಗಳನ್ನು ಕೊಟ್ಟರು. 1979ರಲ್ಲಿ ಟೋನಿ ಲ್ಯಾಂಕಾಸ್ಟರ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ನಿರುದ್ಯೋಗದ ಅವಧಿಗೆ ಹೊಂದಿಸಿದರು. ಇಲ್ಲಿ 'ಸಾವು' ಅಂದರೆ ಒಳ್ಳೆಯ ಸುದ್ದಿ. ಕೆಲಸ ಸಿಕ್ಕಿತು, ನಿರುದ್ಯೋಗ ಸತ್ತಿತು.

ಈ ಲೆಕ್ಕದ ಜೀವಾಳ ಹಝಾರ್ಡ್ ರೇಟ್. ಹೆಸರು ಭಯಾನಕ, ಅರ್ಥ ಸರಳ: ಈ ತಿಂಗಳ ಆರಂಭದವರೆಗೂ ಕೆಲಸ ಸಿಗದವರಲ್ಲಿ, ಈ ತಿಂಗಳು ಎಷ್ಟು ಮಂದಿಗೆ ಸಿಕ್ಕಿತು? ಇನ್ನೊಂದು ಪದ ಸೆನ್ಸಾರಿಂಗ್. ಸಿನಿಮಾ ಸೆನ್ಸಾರ್‌ಗೂ ಇದಕ್ಕೂ ಸಂಬಂಧ ಇಲ್ಲ. ಸಮೀಕ್ಷೆ ಮುಗಿದಾಗ ಇನ್ನೂ ಹುಡುಕುತ್ತಲೇ ಇರುವವರು, ಮಧ್ಯದಲ್ಲೇ ಕಣ್ಮರೆಯಾದವರು, ಇವರ ಕತೆ ಅರ್ಧಕ್ಕೆ ನಿಂತಿರುತ್ತೆ. ಅವರನ್ನು ಪಟ್ಟಿಯಿಂದ ತೆಗೆದರೆ ಲೆಕ್ಕ ಕೆಡುತ್ತೆ, ಸೊನ್ನೆ ಎಂದು ಬರೆದರೂ ಕೆಡುತ್ತೆ.

ಹತ್ತು ಜನ, ಮೂರು ತಿಂಗಳು

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಕಾಗದ, ಪೆನ್ನು ಸಾಕು. ವಿಜಯನಗರದಲ್ಲಿ ಒಂದೇ ದಿನ ಕೆಲಸ ಹುಡುಕಲು ಶುರು ಮಾಡಿದ ಹತ್ತು ಸ್ಥಳೀಯರು, ಹತ್ತು ಹೊರಗಿನವರು ಅಂದುಕೊಳ್ಳಿ.

ಸ್ಥಳೀಯರಲ್ಲಿ ಮೊದಲ ತಿಂಗಳು ಇಬ್ಬರಿಗೆ, ಎರಡನೇ ತಿಂಗಳು ಇಬ್ಬರಿಗೆ, ಮೂರನೇ ತಿಂಗಳು ಇಬ್ಬರಿಗೆ ಕೆಲಸ ಸಿಕ್ಕಿತು. ನಾಲ್ವರು ಇನ್ನೂ ಹುಡುಕುತ್ತಿದ್ದಾರೆ. ಎಲ್ಲರೂ ಇಲ್ಲೇ ಇದ್ದಾರೆ, ಹೋಗೋಕೆ ಬೇರೆ ಊರಿಲ್ಲ.

ಹೊರಗಿನವರಲ್ಲಿ ಮೊದಲ ತಿಂಗಳು ಮೂವರಿಗೆ ಸಿಕ್ಕಿತು, ಇಬ್ಬರು ಪಿಜಿ ಬಾಡಿಗೆ ಕಟ್ಟಲಾಗದೆ ಊರಿಗೆ ವಾಪಸಾದರು. ಎರಡನೇ ತಿಂಗಳು ಇಬ್ಬರಿಗೆ ಸಿಕ್ಕಿತು, ಒಬ್ಬ ವಾಪಸ್. ಮೂರನೇ ತಿಂಗಳು ಒಬ್ಬನಿಗೆ ಸಿಕ್ಕಿತು, ಒಬ್ಬ ಇನ್ನೂ ಹುಡುಕುತ್ತಿದ್ದಾನೆ.

ಈಗ ಮೂರನೇ ತಿಂಗಳ ಕೊನೆಗೆ ಸಮೀಕ್ಷೆಯವರು ಮನೆಮನೆಗೆ ಬರುತ್ತಾರೆ. ಸ್ಥಳೀಯರು ಹತ್ತು ಜನ ಸಿಗುತ್ತಾರೆ, ಅದರಲ್ಲಿ ನಾಲ್ವರು ನಿರುದ್ಯೋಗಿಗಳು: ಶೇ 40. ಹೊರಗಿನವರು ಏಳೇ ಜನ ಸಿಗುತ್ತಾರೆ, ಅದರಲ್ಲಿ ಒಬ್ಬ ನಿರುದ್ಯೋಗಿ: ಶೇ 14. ಮರುದಿನದ ಶೀರ್ಷಿಕೆ ಏನಿರುತ್ತೆ ಅಂತ ಹೇಳಬೇಕಿಲ್ಲ.

ಆದರೆ ಮೊದಲಿನಿಂದ ಹಿಂಬಾಲಿಸಿದವರಿಗೆ ಗೊತ್ತು: ಎರಡೂ ಗುಂಪಿನಲ್ಲಿ ಹತ್ತರಲ್ಲಿ ಆರು ಜನಕ್ಕೇ ಕೆಲಸ ಸಿಕ್ಕಿದ್ದು. ಹೊರಗಿನವರ ಸೋಲು ರೈಲು ಹತ್ತಿ ಹೋಗಿಬಿಟ್ಟಿದೆ, ಸ್ಥಳೀಯರ ಸೋಲು ಮನೆಯಲ್ಲೇ ಕೂತಿದೆ. ಅಷ್ಟೇ ವ್ಯತ್ಯಾಸ.

ವಾಪಸಾದವರನ್ನು ಬರೀ 'ಕಣ್ಮರೆ' ಎಂದು ಬರೆದು ಕಪ್ಲಾನ್–ಮೈಯರ್ ವಿಧಾನ ಹಾಕಿದರೂ ಮೋಸ ಹೋಗಬಹುದು. ಆಗ ಹೊರಗಿನವರಲ್ಲಿ ಶೇ 79ರಷ್ಟು ಜನಕ್ಕೆ ಕೆಲಸ ಸಿಕ್ಕಂತೆ ಕಾಣುತ್ತೆ. ಯಾಕೆಂದರೆ, ಹೋದವರು ಇಲ್ಲೇ ಇದ್ದಿದ್ದರೆ ಉಳಿದವರಷ್ಟೇ ಬೇಗ ಕೆಲಸ ಹಿಡಿಯುತ್ತಿದ್ದರು ಎಂದು ಆ ವಿಧಾನ ಊಹಿಸುತ್ತೆ. ಹಣ ಮುಗಿದು, ಭರವಸೆ ಮುಗಿದು ಹೋದವರ ವಿಷಯದಲ್ಲಿ ಅದು ಸರಿಯಾದ ಊಹೆಯಲ್ಲ. ಹಾಗಾಗಿ 'ಕೆಲಸ ಸಿಕ್ಕಿತು' ಮತ್ತು 'ಊರಿಗೆ ಹೋದ' ಎಂಬುದನ್ನು ಎರಡು ಬೇರೆ ಬಾಗಿಲುಗಳೆಂದೇ ಎಣಿಸಬೇಕು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಕಾಂಪೀಟಿಂಗ್ ರಿಸ್ಕ್ಸ್ ಅಂತಾರೆ.

ಒಂದು ಮಾತು ಒಪ್ಪಲೇಬೇಕು. ತಿಂಗಳಿಗೆ ಇಷ್ಟು ಎಂಬ ವೇಗ ನೋಡಿದರೆ ನಮ್ಮ ಲೆಕ್ಕದಲ್ಲೂ ಹೊರಗಿನವರೇ ಮುಂದು: ಅವರದ್ದು ಶೇ 30, 40, 50, ಸ್ಥಳೀಯರದ್ದು ಶೇ 20, 25, 33. 'ಬೇಗ ಸಿಗುತ್ತೆ' ಅನ್ನೋದು ಪೂರ್ತಿ ಭ್ರಮೆ ಅಲ್ಲ. ಆದರೆ ಅವರು ಎರಡೂ ಬಾಗಿಲಿನಿಂದ ಬೇಗ ಹೊರಬೀಳುತ್ತಾರೆ. ಕಾಯುವ ಶಕ್ತಿ ಇಲ್ಲದವನ ವೇಗ ಅದು.

ಒಂದು ದಿನದ ಸಮೀಕ್ಷೆಯ ಮೋಸ

ಇನ್ನೊಂದು ಬಲೆ ಇದೆ. ಒಂದು ಪಿಜಿಯಲ್ಲಿ ಒಬ್ಬ ಹುಡುಗ ವರ್ಷವಿಡೀ ಕೆಲಸ ಹುಡುಕುತ್ತಾನೆ. ಪಕ್ಕದ ಹಾಸಿಗೆಗೆ ತಿಂಗಳಿಗೊಬ್ಬರಂತೆ ಹನ್ನೆರಡು ಜನ ಬಂದು, ತಿಂಗಳಲ್ಲೇ ಕೆಲಸ ಹಿಡಿದು ಹೋಗುತ್ತಾರೆ. ವರ್ಷದ ಯಾವ ದಿನ ಹೋಗಿ ನೋಡಿದರೂ ಇಬ್ಬರು ಸಿಗುತ್ತಾರೆ: ಒಬ್ಬ ದೀರ್ಘ ನಿರುದ್ಯೋಗಿ, ಒಬ್ಬ ಹೊಸಬ. ಅರ್ಧಕ್ಕರ್ಧ! ವಾಸ್ತವದಲ್ಲಿ ಹದಿಮೂರರಲ್ಲಿ ಹನ್ನೆರಡು ಜನಕ್ಕೆ ತಿಂಗಳಲ್ಲೇ ಕೆಲಸ ಸಿಕ್ಕಿದೆ. ಒಂದು ದಿನದ ಫೋಟೋದಲ್ಲಿ ತುಂಬಾ ಹೊತ್ತು ನಿಂತವರೇ ಹೆಚ್ಚು ಬೀಳುತ್ತಾರೆ.

ಕಾದಷ್ಟೂ ಕಷ್ಟವೇ?

ಕೆಲಸ ಇಲ್ಲದೆ ದಿನ ಕಳೆದಷ್ಟೂ ಅವಕಾಶ ಕಡಿಮೆಯಾಗುತ್ತೆ ಎಂದು ಹೇಳುತ್ತಾರೆ. ಅಂಕಿಅಂಶಗಳಲ್ಲೂ ಸಾಮಾನ್ಯವಾಗಿ ಹಾಗೇ ಕಾಣುತ್ತೆ. ಆದರೆ ಇದಕ್ಕೆ ಎರಡು ವಿವರಣೆಗಳಿವೆ.

ನೂರು ಜನರಲ್ಲಿ 50 ಜನಕ್ಕೆ ಪ್ರತಿ ತಿಂಗಳು ಕೆಲಸ ಸಿಗುವ ಸಾಧ್ಯತೆ ಶೇ 50, ಉಳಿದ 50 ಜನಕ್ಕೆ ಶೇ 10 ಎಂದಿಟ್ಟುಕೊಳ್ಳಿ. ಮೊದಲ ತಿಂಗಳು 30 ಜನ ಹೋಗುತ್ತಾರೆ, ಅಂದರೆ ಶೇ 30. ಎರಡನೇ ತಿಂಗಳು ಉಳಿದ 70ರಲ್ಲಿ 17 ಜನ, ಸುಮಾರು ಶೇ 24. ಮೂರನೇ ತಿಂಗಳು ಶೇ 19. ದರ ಇಳಿಯುತ್ತಲೇ ಇದೆ, ಆದರೆ ಯಾವ ಒಬ್ಬನ ಅವಕಾಶವೂ ಇಳಿದಿಲ್ಲ! ಬೇಗ ಸಿಗುವವರು ಮೊದಲು ಖಾಲಿಯಾದರು, ಅಷ್ಟೆ. 1984ರಲ್ಲಿ ಹೆಕ್‌ಮನ್ ಮತ್ತು ಸಿಂಗರ್ ಈ ಕಾಣದ ವ್ಯತ್ಯಾಸವನ್ನು ಮಾದರಿಯೊಳಗೆ ತರುವ ದಾರಿ ತೋರಿಸಿದರು.

ಎರಡನೇ ವಿವರಣೆ ನಿಜವಾದ ಗಾಯ. ಅಮೆರಿಕದಲ್ಲಿ ಕ್ರಾಫ್ಟ್, ಲ್ಯಾಂಗ್, ನೊಟೊವಿಡಿಗ್ಡೊ ಎಂಬ ಸಂಶೋಧಕರು ನಕಲಿ ಅರ್ಜಿಗಳನ್ನು ಕಳಿಸಿ ನೋಡಿದರು. 2013ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ನಿರುದ್ಯೋಗದ ಅವಧಿ ಉದ್ದವಾದಂತೆ ಸಂದರ್ಶನದ ಕರೆಗಳು ಕಡಿಮೆಯಾದವು. ಇಳಿಕೆ ಹೆಚ್ಚು ಕಂಡದ್ದು ಮೊದಲ ಎಂಟು ತಿಂಗಳಲ್ಲಿ. ಅಂದರೆ ಕಾಯುವುದಕ್ಕೂ ಒಂದು ಬೆಲೆ ಇದೆ. ಮೊದಲ ವಿವರಣೆ ನಿಜವಾದರೆ ತರಬೇತಿ ಕೊಡಬೇಕು, ಎರಡನೆಯದು ನಿಜವಾದರೆ ಮೊದಲ ತಿಂಗಳುಗಳಲ್ಲೇ ಕೈಹಿಡಿಯಬೇಕು. ಮದ್ದು ಬೇರೆ ಬೇರೆ.

ಸ್ಥಳೀಯ ಯಾರು, ಹೊರಗಿನವ ಯಾರು?

ಗುಂಪು ಮಾಡುವಾಗಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್‌ನ ಕೋಚಿಂಗ್ ಸೆಂಟರ್‌ಗಳ ಸುತ್ತ ಒಂದು ಸಂಜೆ ನಡೆದಾಡಿ. ಕಲಬುರಗಿ, ವಿಜಯಪುರ, ರಾಯಚೂರಿನ ಕನ್ನಡ ಕಿವಿಗೆ ಬೀಳುತ್ತೆ. ಜನಗಣತಿ ಹುಟ್ಟಿದ ಊರನ್ನೂ ಹಿಂದಿನ ವಾಸಸ್ಥಳವನ್ನೂ ಕೇಳುತ್ತೆ. ಅದರ ಪ್ರಕಾರ ಇವರು ವಲಸಿಗರು. 2024ರ ಮಸೂದೆ ಪ್ರಕಾರ ಇಲ್ಲೇ ಹುಟ್ಟಿ, 15 ವರ್ಷ ರಾಜ್ಯದಲ್ಲಿ ನೆಲೆಸಿ, ಕನ್ನಡ ಓದಲು ಬರೆಯಲು ಮಾತಾಡಲು ಬಲ್ಲವರು ಸ್ಥಳೀಯರು. ಒಂದೇ ಹುಡುಗ, ಎರಡು ಪಟ್ಟಿ.

ಈ ಹುಡುಗರ ಕಾಯುವಿಕೆಗೆ ಕಾರಣವೂ ಬೇರೆ. ಪಿಎಸ್‌ಐ 545 ಹುದ್ದೆಗಳ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು. 384 ಹುದ್ದೆಗಳ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯೂ 2024ರ ಆಗಸ್ಟ್ 27ರಂದು ಒಮ್ಮೆ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಇಲ್ಲಿ ಅವಧಿ ಎಳೆದದ್ದು ವಲಸಿಗನೂ ಅಲ್ಲ, ಸೋಮಾರಿತನವೂ ಅಲ್ಲ. ಪರೀಕ್ಷೆ ನಡೆಸುವ ವ್ಯವಸ್ಥೆ.

ಕಾಕ್ಸ್ ಮಾದರಿಯ ಉಪಯೋಗ ಇಲ್ಲೇ. ವಯಸ್ಸು, ಓದು, ಸ್ವಂತ ಮನೆಯೋ ಬಾಡಿಗೆಯೋ, ಕೆಲಸ ಕೊಡಿಸುವ ಪರಿಚಯಸ್ಥರು ಇದ್ದಾರೋ ಇಲ್ಲವೋ, ಕನ್ನಡ ಬರುತ್ತೋ ಇಲ್ಲವೋ ಎಂಬುದನ್ನೆಲ್ಲ ಒಟ್ಟಿಗೆ ಇಟ್ಟು, ಪ್ರತಿಯೊಂದೂ ವೇಗವನ್ನು ಎಷ್ಟು ಬದಲಿಸುತ್ತೆ ಎಂದು ಬಿಡಿಸಿ ನೋಡಬಹುದು. ಸ್ವಂತ ಸೂರು ಇರುವವನು 'ಇಷ್ಟು ಸಂಬಳಕ್ಕಿಂತ ಕಡಿಮೆಗೆ ಬರಲ್ಲ' ಎನ್ನಬಲ್ಲ, ಬಾಡಿಗೆ ಕಟ್ಟುವವನು ಎನ್ನಲಾರ. ಇದನ್ನು ತೆಗೆದ ಮೇಲೂ 'ಹೊರಗಿನವ' ಎಂಬ ಹಣೆಪಟ್ಟಿಗೆ ಪರಿಣಾಮ ಉಳಿದರೆ ಆಗ ತಾರತಮ್ಯದ ಪ್ರಶ್ನೆ ಗಂಭೀರವಾಗಿ ಕೇಳಬೇಕು. ಒಂದು ಎಚ್ಚರ: ಪ್ರತಿ ಅಂಶದ ಪರಿಣಾಮ ಕಾಲ ಕಳೆದರೂ ಒಂದೇ ಅನುಪಾತದಲ್ಲಿರುತ್ತೆ ಎಂದು ಮಾದರಿ ಊಹಿಸುತ್ತೆ. ಮೊದಲ ತಿಂಗಳು ಭಾಷೆ ಬರದವನಿಗೆ ಆರನೇ ತಿಂಗಳು ಅಷ್ಟಿಷ್ಟು ಬಂದಿರುತ್ತೆ. ಅದನ್ನು ಪರೀಕ್ಷಿಸಿಯೇ ಮುಂದೆ ಹೋಗಬೇಕು.

ಅಮೆರಿಕದಲ್ಲಿ ನಾವೇ ಹೊರಗಿನವರು

ಬಸವೇಶ್ವರನಗರದ ಬೀದಿಗಳಲ್ಲಿ ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಗೆ ಕೊರತೆಯಿಲ್ಲ. ಅವರಿಗೆ 60 ದಿನ ಎಂದರೆ ಏನು ಅಂತ ಗೊತ್ತು. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ, 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಗರಿಷ್ಠ 60 ದಿನಗಳ ಗಡುವು. ಅಷ್ಟರಲ್ಲಿ ಹೊಸ ಕೆಲಸ ಹಿಡಿಯಬೇಕು, ವೀಸಾ ಬದಲಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕೆಲಸ ಸಿಗದವರು ಹೊರಟ ಮೇಲೆ ಅಲ್ಲಿ ಉಳಿದ ಭಾರತೀಯರಲ್ಲಿ ನಿರುದ್ಯೋಗ ಕಡಿಮೆ ಕಾಣುವುದು ಸಹಜ. ಅಲ್ಲಿನವರು ಅದನ್ನೇ ತೋರಿಸಿ 'ನೋಡಿ, ಇವರಿಗೆ ಎಷ್ಟು ಬೇಗ ಸಿಗುತ್ತೆ' ಅಂದರೆ ನಮಗೆ ಹೇಗನ್ನಿಸುತ್ತೆ?

ಲೆಕ್ಕಕ್ಕೆ ಸಾಮಗ್ರಿ ನಮ್ಮಲ್ಲೇ ಇದೆ

ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆ 2017ರಿಂದ ನಡೆಯುತ್ತಿದೆ. ನಗರಗಳಲ್ಲಿ ಒಂದೇ ಮನೆಗೆ ನಾಲ್ಕು ಬಾರಿ ಹೋಗುವ ಪದ್ಧತಿ ಇದೆ. 2025ರ ಜನವರಿಯಿಂದ ಸತತ ನಾಲ್ಕು ತಿಂಗಳು ಹೋಗುತ್ತಾರೆ. ಕಳೆದ ಬಾರಿ ಕೆಲಸ ಇಲ್ಲದವನಿಗೆ ಈ ಬಾರಿ ಸಿಕ್ಕಿದೆಯೇ ಎಂದು ಇದರಿಂದ ನೋಡಬಹುದು. ಆದರೆ ನಾಲ್ಕು ತಿಂಗಳ ಕಿಟಕಿಯಲ್ಲಿ ಎರಡು ವರ್ಷದ ಕಾಯುವಿಕೆ ಪೂರ್ತಿ ಕಾಣಲ್ಲ. ಜೊತೆಗೆ ವಾರದಲ್ಲಿ ಒಂದು ಗಂಟೆ ದುಡಿದರೂ ಅಲ್ಲಿ ಉದ್ಯೋಗಿ.

ರಾಜ್ಯದ ಕೈಯಲ್ಲಿರುವುದು ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಯೋಜನೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಪಾಸಾಗಿ 180 ದಿನ ಕೆಲಸ ಸಿಗದಿರಬೇಕು, ಗರಿಷ್ಠ ಎರಡು ವರ್ಷ. ಓದು ಮುಗಿದ ದಿನ, ಭತ್ಯೆ ಶುರುವಾದ ದಿನ, ನಿಂತ ದಿನ ಮೂರೂ ದಾಖಲೆಯಲ್ಲಿವೆ. ಅವಧಿಯ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಾ? ಇನ್ನೊಂದು, ರಾಜಾಜಿನಗರದಲ್ಲಿ ದೊಡ್ಡ ಆಸ್ಪತ್ರೆ ನಡೆಸುವ ಇಎಸ್‌ಐ ನಿಗಮ. ಅದರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಕೆಲಸ ಕಳೆದುಕೊಂಡ ವಿಮಾದಾರರಿಗೆ ಗರಿಷ್ಠ 90 ದಿನ ಭತ್ಯೆ ಕೊಡುತ್ತೆ. ಪೀಣ್ಯದ ಕಾರ್ಖಾನೆಯ ಒಡಿಶಾದವನೂ ಮಾಗಡಿ ರಸ್ತೆಯವನೂ ಅಲ್ಲಿ ಒಂದೇ ನಿಯಮಕ್ಕೆ ಒಳಪಡುತ್ತಾರೆ.

ಇಲ್ಲೂ ಒಂದು ಜಾಗ್ರತೆ. ಭತ್ಯೆ ನಿಂತಿತು ಅಂದರೆ ಕೆಲಸ ಸಿಕ್ಕಿತು ಎಂದಲ್ಲ. ಆಸ್ಟ್ರಿಯಾದ ದಾಖಲೆಗಳನ್ನು ನೋಡಿದ ಕಾರ್ಡ್, ಚೆಟ್ಟಿ, ವೆಬರ್ 2007ರಲ್ಲಿ ಇದನ್ನೇ ಹೇಳಿದರು: ಭತ್ಯೆ ಮುಗಿಯುವ ಹೊತ್ತಿಗೆ ಪಟ್ಟಿಯಿಂದ ಹೊರಹೋಗುವವರ ಸಂಖ್ಯೆ ಜಿಗಿಯುತ್ತೆ, ಆದರೆ ನಿಜಕ್ಕೂ ಕೆಲಸಕ್ಕೆ ಸೇರುವವರ ಸಂಖ್ಯೆ ಅಷ್ಟು ಜಿಗಿಯುವುದಿಲ್ಲ. 24 ತಿಂಗಳು ತುಂಬಿದ ಯುವನಿಧಿ ಫಲಾನುಭವಿಗಳು 'ಯೋಜನೆಯಿಂದ ಹೊರಬಂದರು' ಎಂಬ ಅಂಕಿ ಯಾರಾದರೂ ಸಾಧನೆಯೆಂದು ತೋರಿಸಿದರೆ, ಯಾವ ಬಾಗಿಲಿನಿಂದ ಹೊರಬಂದರು ಅಂತ ಕೇಳಿ.

ಹರಿಯಾಣದ ಶೇ 75 ಸ್ಥಳೀಯ ಮೀಸಲಾತಿ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತು. ನಮ್ಮ ಮಸೂದೆ ಮತ್ತೆ ಬಂದರೆ ಅದಕ್ಕೂ ನ್ಯಾಯಾಲಯದ ಪ್ರಶ್ನೆಗಳು ಕಾದಿವೆ. ಅಲ್ಲಿಗೆ ಘೋಷಣೆ ಹೊತ್ತು ಹೋಗೋದಕ್ಕಿಂತ ದಾಖಲೆ ಹೊತ್ತು ಹೋಗೋದು ಮೇಲು. ಕನ್ನಡದ ಹುಡುಗನಿಗೆ ಅನ್ಯಾಯ ಆಗುತ್ತಿದ್ದರೆ ಅದನ್ನು ತೋರಿಸುವ ಲೆಕ್ಕವೂ ಇದೇ, ಆಗುತ್ತಿಲ್ಲದಿದ್ದರೆ ಅವನು ಯಾಕೆ ಕಾಯುತ್ತಿದ್ದಾನೆ ಎಂದು ಹೇಳುವ ಲೆಕ್ಕವೂ ಇದೇ. ಯುವನಿಧಿ ದಾಖಲೆಗಳಿಂದ ಹೆಸರು, ಗುರುತು ತೆಗೆದು ಸರ್ಕಾರ ಸಂಶೋಧಕರಿಗೆ ಕೊಡಲಿ. ಅದಕ್ಕೆ ಹೊಸ ಕಾನೂನು, ಹೊಸ ಸಮಿತಿ ಯಾವುದೂ ಬೇಕಿಲ್ಲ.