ಹತ್ತರಿಂದ ಐವತ್ತು ರೂಪಾಯಿ



ಬೇಂದೂರ ಹಬ್ಬದ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನಿಸುವವರು ನಾವು. ಕಬ್ಬಿನ ಹಂಗಾಮಿನಲ್ಲಿ ಮಿತಿಮೀರಿ ಹೇರಿದ ಗಾಡಿಗೆ ಅದೇ ಎತ್ತು ಮೊಣಕಾಲೂರಿದರೆ ಬಾರುಕೋಲು ಎತ್ತುವವರೂ ನಾವೇ. ಈ ಎರಡನೆಯದಕ್ಕೆ ಕಾನೂನು ಇಟ್ಟ ಶಿಕ್ಷೆ ಎಷ್ಟು ಗೊತ್ತೇ? ಮೊದಲ ಸಲವಾದರೆ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತಕ್ಕೆ ಹೆಚ್ಚಿಲ್ಲ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇದು 1960ರ ಪ್ರಾಣಿಹಿಂಸೆ ತಡೆ ಕಾನೂನು. ಇಂಗ್ಲೆಂಡಿನಲ್ಲಿ ಇಂಥ ಕಾನೂನು 1822ರಲ್ಲೇ ಬಂದಿತ್ತು. ಇಂಗ್ರಜರು ನಮಗೆ 1890ರಲ್ಲಿ ಒಂದನ್ನು ಮಾಡಿದರು. ಅದು ಸಾಲದೆಂದು ರಾಜ್ಯಸಭೆಯಲ್ಲಿ ಹಟ ಹಿಡಿದವರು ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್. ಅಂದು ಐವತ್ತು ರೂಪಾಯಿ ಹಗುರ ಮೊತ್ತವಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಸವೆದ ಕೈ ನನ್ನದು. ಬಡ್ಡಿ ಸೇರದ ಮೊತ್ತದ ಗತಿ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಿಲ್ಲ.

ದಂಡ ಸಂಹಿತೆಯ 429ನೆಯ ಕಲಮಿನಲ್ಲಿ ಐದು ವರ್ಷದ ಸಜೆ ಇತ್ತು ನಿಜ. ಆದರೆ ಅದು ದನ, ಕುದುರೆ, ಆನೆಗಳಂಥವನ್ನು ಕೊಂದರೆ ಅಥವಾ ಅಂಗ ಊನಮಾಡಿದರೆ. ಬೇರೆ ಪ್ರಾಣಿಯಾದರೆ ಅದರ ಬೆಲೆ ಐವತ್ತು ರೂಪಾಯಿಯಾದರೂ ಇರಬೇಕು! 2024ರ ಜುಲೈಯಿಂದ ಜಾರಿಯಾದ ನ್ಯಾಯ ಸಂಹಿತೆ ಈ ಬೆಲೆ ಕಟ್ಟುವ ಲೆಕ್ಕವನ್ನು ಕೈಬಿಟ್ಟಿತು.

ನಮ್ಮ ಜಿಲ್ಲೆಯ ಸುಂದರ ನೆನಪಿದ್ದಾನೆಯೇ? 2007ರಲ್ಲಿ ಜೋತಿಬಾ ದೇವಸ್ಥಾನಕ್ಕೆ ಕೊಟ್ಟ ಆನೆ. ಮುಂದೆ ಅವನನ್ನು ವಾರಣಾನಗರದ ಶೆಡ್ಡಿನಲ್ಲಿ ಸರಪಳಿ ಹಾಕಿ ಇಟ್ಟಿದ್ದರು. ಮಾವುತ ಹೊಡೆಯುವ ಚಿತ್ರಗಳು ಹೊರಬಿದ್ದವು. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ಕೂಡ ಅವನನ್ನು ಬಿಡಿಸಿರೆಂದು ಪತ್ರ ಬರೆದರು. ಆನೆಯ ವಿಷಯದಲ್ಲಿ ಐವತ್ತು ರೂಪಾಯಿ ದಂಡ ಕಟ್ಟಿಸಿಕೊಂಡು ಏನು ಮಾಡುವುದು? 2014ರ ಏಪ್ರಿಲ್‌ನಲ್ಲಿ ಮುಂಬೈ ಹೈಕೋರ್ಟು ಆನೆಯನ್ನೇ ಅಲ್ಲಿಂದ ಬಿಡಿಸಿತು. ಸುಪ್ರೀಂ ಕೋರ್ಟು ಅಡ್ಡಬರಲಿಲ್ಲ. ಜೂನ್‌ನಲ್ಲಿ ಸುಂದರ ಲಾರಿ ಹತ್ತಿ ಗಡಿ ದಾಟಿ ಬೆಂಗಳೂರಿನ ಬನ್ನೇರುಘಟ್ಟ ಸೇರಿದ. ಗಡಿ ವಾದ ಇಲ್ಲದೆ ಆಚೆ ಹೋದವನು ಅವನೊಬ್ಬನೇ ಇರಬೇಕು.

ಅದೇ 2014ರ ಮೇ 7ರಂದು ಸುಪ್ರೀಂ ಕೋರ್ಟು ಚಕ್ಕಡಿ ಶರ್ಯತ್ತನ್ನೂ ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರ ತನ್ನದೇ ತಿದ್ದುಪಡಿ ತಂದಿತು; 2021ರ ಡಿಸೆಂಬರ್‌ನಲ್ಲಿ ಕೋರ್ಟು ಶರ್ಯತ್ತಿಗೆ ಷರತ್ತಿನ ಪರವಾನಗಿ ಕೊಟ್ಟಿತು; 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳು ಆ ತಿದ್ದುಪಡಿಯನ್ನು ಎತ್ತಿಹಿಡಿದರು. ಅದರಲ್ಲಿ ಶರ್ಯತ್ತಿನ ಎತ್ತಿಗೆ ಹಿಂಸೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ.

ಅದೇ ಎತ್ತಿಗೆ ಮಾರನೆಯ ದಿನ ಕಾರಖಾನೆಯ ದಾರಿಯಲ್ಲಿ ಏಟು ಬಿದ್ದರೆ, 1960ರ ಐವತ್ತೇ ರೂಪಾಯಿ. ದೂರನ್ನೂ ಮೂರು ತಿಂಗಳೊಳಗೆ ಕೋರ್ಟಿಗೆ ಒಯ್ಯಬೇಕು. ತಡವಾದರೆ ಅದೂ ಇಲ್ಲ.