ಪನ್ಹಾಳದ ಸಿದ್ದಿ, ಯಲ್ಲಾಪುರದ ಸಿದ್ದಿ

ಸಾಂಗಲಿ–ಮಿರಜ ಸೀಮೆಯ ಶಾಲೆಗಳಲ್ಲಿ ಸ್ನೇಹಸಮ್ಮೇಳನವೆಂದರೆ ಪನ್ಹಾಳಗಡದ ಪ್ರವೇಶವೊಂದು ಬಂದೇ ಬರುವದು. ಶಾಲೆ ಕನ್ನಡದ್ದಿರಲಿ, ಮರಾಠಿಯದಿರಲಿ, ಮಕ್ಕಳಿಗೆ ಈ ಕಥೆ ಬಾಯಿಪಾಠ. ಮಾಧವನಗರದಲ್ಲಿ ನಾವೂ ಇದನ್ನು ಎಷ್ಟೋ ಸಲ ಆಡಿಸಿದ್ದೇವೆ. ಸಿದ್ದಿ ಜೌಹರನ ಪಾತ್ರದ ಸಿದ್ಧತೆ ಬಹಳ ಸುಲಭ. ದೊಡ್ಡ ಧ್ವನಿಯ ಹುಡುಗನೊಬ್ಬನನ್ನು ಹಿಡಿದು, ಮೋರೆಗೆ ಮಸಿ ಬಳಿದು, ಕೈಗೆ ಕತ್ತಿ ಕೊಟ್ಟರಾಯಿತು. ಒಂದು ವರ್ಷ ಹಾಗೆ ಮಸಿ ಹಚ್ಚಿಸಿಕೊಳ್ಳುತ್ತ ಕುಳಿತ ಹುಡುಗ, "ಗುರುಗಳ, ಇವನ ಊರು ಯಾವದ್ರಿ?" ಎಂದು ಕೇಳಿದ. ನಾವು ಅವಸರದಲ್ಲಿ "ವಿಜಾಪುರ" ಎಂದುಬಿಟ್ಟೆವು. "ವಿಜಾಪುರದಾವರು ನಮ್ಮನಿಗೂ ಬರತಾರ್ರಿ, ಅವರು ಹಿಂಗಿಲ್ಲಲ್ರಿ" ಎಂದ. ಮೂವತ್ತು ವರ್ಷ ಇತಿಹಾಸ ಕಲಿಸಿದ ನಮಗೆ ಉತ್ತರ ತೋಚಲಿಲ್ಲ.

ಜೌಹರನ ವೃತ್ತಾಂತವನ್ನು ಮೊದಲು ನೋಡೋಣ. ಅವನು ಕರ್ನೂಲಿನಲ್ಲಿ ಅಧಿಕಾರ ಕಟ್ಟಿಕೊಂಡಿದ್ದ ಹಬಶಿ ಸರದಾರ. ಹಬಶ ಎಂದರೆ ಅರಬರ ಮಾತಿನಲ್ಲಿ ಇಥಿಯೋಪಿಯಾ ಸೀಮೆ. ಆ ಕಡೆಯಿಂದ ಬಂದವರು ಹಬಶಿಗಳು. 1660ರಲ್ಲಿ ಶಿವಾಜಿ ಮಹಾರಾಜರು ಆದಿಲಶಾಹಿಯ ಕೈಯಲ್ಲಿದ್ದ ನಮ್ಮ ಮಿರಜದ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಅವರಿಗೆ ಇದಿರಾಗಿ ಎರಡನೆಯ ಅಲಿ ಆದಿಲಶಾಹನು ಕಳಿಸಿದ್ದು ಇವನನ್ನೇ. ಸಲಾಬತಖಾನನೆಂಬ ಬಿರುದನ್ನೂ ಕೊಟ್ಟ. ಮಹಾರಾಜರು ಮಿರಜವನ್ನು ಬಿಟ್ಟು ಪನ್ಹಾಳ ಸೇರಿದರು. ಮಾರ್ಚಿನಿಂದ ಜುಲೈವರೆಗೆ, ಆ ಮಲೆಯ ಮಳೆಯಲ್ಲಿಯೂ, ಜೌಹರನು ಮುತ್ತಿಗೆಯನ್ನು ಸಡಿಲಿಸಲಿಲ್ಲ. ಮುಂದೆ ಮಳೆಗಾಲದ ರಾತ್ರಿ ಮಹಾರಾಜರು ಪಾರಾದದ್ದು, ಶಿವಾ ಕಾಶೀದ ಮತ್ತು ಬಾಜಿಪ್ರಭುಗಳ ಬಲಿದಾನ, ಇವೆಲ್ಲ ವಾಚಕರಿಗೆ ತಿಳಿದದ್ದೇ. ನಮ್ಮ ನಾಟಕದ ಪರದೆಯೂ ಅಲ್ಲಿಗೆ ಬೀಳುವದು. ಇತಿಹಾಸದ ಪರದೆ ಅಲ್ಲಿ ಬೀಳಲಿಲ್ಲ. ಜೌಹರನು ಬೇಕೆಂದೇ ಬಿಟ್ಟನೆಂದು ಆದಿಲಶಾಹನು ಸಂಶಯಪಟ್ಟ. ಐದು ತಿಂಗಳು ದುಡಿದವನಿಗೆ ದೊರೆತದ್ದು ದ್ರೋಹಿಯೆಂಬ ಹೆಸರು.

ಇವನೊಬ್ಬನೇ ಅಲ್ಲ. ವಿಜಾಪುರದ ದರ್ಬಾರಿನಲ್ಲಿ 1580ರ ದಶಕದಲ್ಲಿ ಬಾಲ ಸುಲ್ತಾನನ ಹೆಸರಿನಲ್ಲಿ ರಾಜ್ಯ ನಡೆಸಿದ ದಿಲಾವರಖಾನನು ಹಬಶಿ. ಮುಹಮ್ಮದ ಆದಿಲಶಾಹನ ಕಾಲದ ಇಖ್ಲಾಸಖಾನನು ಹಬಶಿ. ಅವನ ವರ್ಣಚಿತ್ರಗಳು ಇಂದಿಗೂ ಉಳಿದಿವೆ. ಇಬ್ರಾಹಿಂ ರೋಜಾದ ಕಟ್ಟಡದ ಹೊಣೆ ಹೊತ್ತ ಮಲಿಕ ಸಂದಲನನ್ನೂ ಹಬಶಿಯೆಂದೇ ಹೇಳುವರು. ಅಹಮದನಗರದ ಮಲಿಕ ಅಂಬರನಂತೂ (1548–1626) ಗುಲಾಮನಾಗಿ ಹಲವು ಕೈ ಮಾರಾಟವಾಗಿ ಬಂದು, ಮೊಗಲರನ್ನು ವರ್ಷಾನುಗಟ್ಟಲೆ ದಕ್ಷಿಣದಲ್ಲಿ ತಡೆದು ನಿಲ್ಲಿಸಿದ. ವರ್ಷವರ್ಷ ಶಾಲೆಯ ಪ್ರವಾಸದಲ್ಲಿ ನಾವು ಮಕ್ಕಳಿಗೆ ಇಬ್ರಾಹಿಂ ರೋಜಾ ತೋರಿಸುತ್ತೇವೆ. ಮಲಿಕ ಸಂದಲನ ಹೆಸರನ್ನು ಹೇಳಿದ ನೆನಪಿಲ್ಲ.

ಆದರೆ ಸರದಾರರ ಪಟ್ಟಿ ಕೊಟ್ಟರೆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಆದೀತು. ಉಳಿದ ಅರ್ಧಕ್ಕೆ ಮಿರಜದಲ್ಲಿ ರೈಲು ಹತ್ತಿ ಅಳ್ನಾವರದಲ್ಲಿ ಇಳಿಯಬೇಕು. ಅಲ್ಲಿಂದ ಹಳಿಯಾಳ ದೂರವಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ಸಿದ್ದಿಯರ ಊರುಕೇರಿಗಳಿವೆ. ಇವರನ್ನು ಜೌಹರನ ವಂಶದವರೆಂದು ತಿಳಿಯಬಾರದು. ಇವರಲ್ಲಿ ಬಹುಜನರ ಹಿರಿಯರನ್ನು ತಂದವರು ಪೋರ್ತುಗೀಜರು. ಗೋವೆಯಲ್ಲಿ ಆಫ್ರಿಕದ ಗುಲಾಮರ ಮಾರಾಟ ಶತಮಾನಗಳ ಕಾಲ ನಡೆಯಿತು. ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು. ಇಂದು ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಮೂಲ ಭಾಷೆ ಹೋಯಿತು, ಬಖರುಗಳಿಲ್ಲ, ಶಿಲಾಶಾಸನಗಳಿಲ್ಲ.

ಉಳಿದದ್ದು ಹಾಡು, ಕುಣಿತ, ಹೊಲಿಗೆ. ದಮಾಮಿ ಎಂಬುದು ಚರ್ಮವಾದ್ಯದ ಹೆಸರೂ ಹೌದು, ಅದರ ಸುತ್ತ ನಡೆಯುವ ಕುಣಿತದ ಹೆಸರೂ ಹೌದು. ಹೆಂಗಸರ ಪುಗಡಿ ಇದೆ. ಹೆಸರು ಕೇಳಿದೊಡನೆ ನಮ್ಮ ಭಾಗದ ಹೆಣ್ಣುಮಕ್ಕಳ ಫುಗಡಿ ನೆನಪಾಗದೆ ಇರದು. ಮನೆಯಲ್ಲಿ ಹಿರಿಯರ ಪೂಜೆ ನಡೆಯುತ್ತದೆ. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ್ ಎಂಬ ದೈವದ ಸ್ಥಾನವಿದ್ದು, ವರ್ಷಕ್ಕೊಮ್ಮೆ ಜನ ಅಲ್ಲಿ ಕೂಡುವರು. ನಮ್ಮ ಮನೆಗಳಲ್ಲಿ ಹಳೆಯ ಸೀರೆ ಧೋತರಗಳ ಕೌದಿ ಹೊಲಿಯುವದಿಲ್ಲವೆ, ಹಾಗೆಯೇ ಸಿದ್ದಿ ಹೆಂಗಸರೂ ಹೊಲಿಯುವರು; ಕವಂದ ಎನ್ನುವರು. ನಾಲ್ಕು ಮೂಲೆಗಳಿಗೂ ಬಣ್ಣದ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೊಲಿಯದಿದ್ದರೆ ಅದು ಮುಗಿದಂತಲ್ಲ. ಆ ತುಣುಕುಗಳಿಗೆ ಫುಲಾ, ಅಂದರೆ ಹೂವು, ಎಂದು ಹೆಸರು.

ಕಪ್ಪು ಜನರ ಇತಿಹಾಸವನ್ನು ಉತ್ಸವವಾಗಿ ಆಚರಿಸುವ ಪದ್ಧತಿಯನ್ನು ಅಮೇರಿಕೆಯಲ್ಲಿ ಹಾಕಿಕೊಟ್ಟವರೂ ಒಬ್ಬ ಮಾಸ್ತರರು ಎಂಬುದನ್ನು ಶಿಕ್ಷಕ ಬಂಧುಗಳು ಗಮನಿಸಬೇಕು. ಕಾರ್ಟರ್ ವುಡ್ಸನ್ ಗುಲಾಮರಾಗಿದ್ದ ತಂದೆತಾಯಿಗಳ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ಪ್ರಾಯದಲ್ಲಿ ಹೈಸ್ಕೂಲು ಸೇರಿ, ಮುಂದೆ ಅದೇ ಹೈಸ್ಕೂಲಿನ ಮುಖ್ಯಾಧ್ಯಾಪಕರಾದರು. 1912ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪಡೆದರು. 1926ರ ಫೆಬ್ರುವರಿಯಲ್ಲಿ ಅವರು ಆರಂಭಿಸಿದ ವಾರದ ಆಚರಣೆ 1976ರಿಂದ ತಿಂಗಳ ಆಚರಣೆಯಾಯಿತು. ಹಾಡು, ರೂಪಕ, ಮೆರವಣಿಗೆಗಳ ಜೊತೆಗೆ ಶಾಲೆಯ ಪಾಠವೂ ನಡೆಯಬೇಕೆಂಬುದು ಅವರ ಹಟ. 1937ರಲ್ಲಿ ಶಿಕ್ಷಕರಿಗಾಗಿಯೇ ಪತ್ರಿಕೆಯೊಂದನ್ನು ತೆಗೆದರು. ಅದೇ ಪರಂಪರೆಯಲ್ಲಿ 2013ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಶೊಂಬರ್ಗ್ ಕೇಂದ್ರವು ಭಾರತದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಏರ್ಪಡಿಸಿತು. ನಮ್ಮ ದಖ್ಖನದ ಹಬಶಿಗಳನ್ನು ಅಲ್ಲಿಯ ಮಕ್ಕಳು ನೋಡಿದರು.

ನಮ್ಮಲ್ಲಿ ಇಂಥದು ಆಗಿಯೇ ಇಲ್ಲವೆಂದರೆ ತಪ್ಪಾದೀತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ಹೋಗಿ ಸಿದ್ದಿಯರ ತಂಡ ಕಟ್ಟಿದರು. ನೈಜೀರಿಯಾದ ಚಿನುವಾ ಅಚಿಬೆಯವರ 1958ರ ಕಾದಂಬರಿಯನ್ನು ಕನ್ನಡ ನಾಟಕವಾಗಿಸಿ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಯರಿಂದಲೇ ಆಡಿಸಿದರು. ಬಿಳಿಯರು ಬಂದು ಊರನ್ನು ಒಡೆದ ಕಥೆ. ಹಿರಿಯರು ಬಿಟ್ಟುಬಂದ ಖಂಡದ ಕಥೆಯನ್ನು ಮೊಮ್ಮಕ್ಕಳು ಕನ್ನಡದಲ್ಲಿ ಆಡಿದರೆಂಬುದು ಸಣ್ಣ ಮಾತಲ್ಲ. ಮುಂದೆ ಸಿದ್ದಿಯರಲ್ಲಿ ನುರಿತ ರಂಗಕರ್ಮಿಗಳು ಹೊರಟರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡವೆನಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಒಂದು ಮಾತನ್ನು ಮಾತ್ರ ಹೇಳದೆ ಇರಲಾರೆವು. ಮೆರವಣಿಗೆಗಳಿಗೆ ದಮಾಮಿ ತಂಡವನ್ನು ಕರೆಯುವದು ಈಗ ರೂಢಿಯಾಗಿದೆ. ಕುಣಿತ ನೋಡಿ ಚಪ್ಪಾಳೆ ತಟ್ಟುತ್ತಾರೆ. ಈ ಜನ ಇಲ್ಲಿಗೆ ಹೇಗೆ ಬಂದರೆಂದು ಕೇಳುವವರು ವಿರಳ. ಮೋರೆಗೆ ಮಸಿ ಬಳಿದ ನಮಗೂ ಆ ಚಪ್ಪಾಳೆಯವರಿಗೂ ಅಷ್ಟೇನು ಅಂತರವಿಲ್ಲ.

ಮರುವರ್ಷದ ಸಮ್ಮೇಳನದಲ್ಲಿ ಪನ್ಹಾಳದ ಪ್ರವೇಶ ಇದ್ದೇ ಇತ್ತು. ಮಸಿಯ ಡಬ್ಬಿಯನ್ನು ತರಿಸಲಿಲ್ಲ. ಬಾಜಿಪ್ರಭು ಬಿದ್ದ ಮೇಲೆ ಇನ್ನೊಂದು ಸಣ್ಣ ಪ್ರವೇಶ ಕೂಡಿಸಿದೆವು: ಜೌಹರನು ಆದಿಲಶಾಹನ ಮುಂದೆ ನಿಂತಿದ್ದಾನೆ, ದರ್ಬಾರಿನವರೊಬ್ಬರೂ ಅವನ ಪರವಾಗಿ ಮಾತನಾಡರು. ಹಿಂದಿನ ವರ್ಷ ಪ್ರಶ್ನೆ ಕೇಳಿದ ಹುಡುಗನೇ ಜೌಹರನಾದ. ಸುಲ್ತಾನನು "ನಿನ್ನ ಊರು ಯಾವುದು?" ಎಂದು ಕೇಳಬೇಕೆಂಬ ಮಾತನ್ನು ಅವನೇ ಬರೆದು ಸೇರಿಸಿದ್ದ.