ಹಾಡಿಗೊಂದು ಅಂಕಿತ

ನಾಲ್ಕು ಸಾಲು ಪದ್ಯ ಬರೆಯಲು ಬರುವ ಯಾರಿಗೇ ಆಗಲಿ, ಒಳಗೊಳಗೇ ಒಂದು ಆಸೆ ಇದ್ದೇ ಇರುತ್ತದೆ. ತಾನು ಕಟ್ಟಿದ ಹಾಡು ಸಿನಿಮಾದಲ್ಲಿ ಬರಬೇಕು, ಹೋಟೆಲಿನ ರೇಡಿಯೊದಲ್ಲಿ ಕೇಳಿಸಬೇಕು, ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿ ಅದನ್ನೇ ಗುನುಗಬೇಕು. ನನಗೂ ಆ ಆಸೆ ಬಿಟ್ಟಿಲ್ಲ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ರಾಯಚೂರಿನಲ್ಲಿ ಎಲ್ಲಿ ಹೋದರೂ ಅದರ ಹಾಡುಗಳೇ. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದು. ಅಕ್ಕಿ ಆರಿಸುತ್ತ ಕೂತ ನಾನು ಆ ಧಾಟಿಗಳಿಗೆ ನನ್ನದೇ ಮಾತು ಹೊಂದಿಸುತ್ತಿದ್ದೆ. ತೆರೆಯ ಮೇಲೆ ‘ಸಾಹಿತ್ಯ’ ಎಂಬುದರ ಕೆಳಗೆ ನನ್ನ ಹೆಸರು ಮೂಡುವ ಹೊತ್ತಿಗೆ ಸರಿಯಾಗಿ ಎಸರು ಕುದಿ ಬಂದು ಕರೆಯುತ್ತಿತ್ತು.

ಮನೆಯವರು ಇದನ್ನು ಹಗಲುಗನಸು ಎನ್ನುತ್ತಾರೆ. ಅನ್ನಲಿ ಬಿಡಿ. ನಮ್ಮ ಜಿಲ್ಲೆಯ ಇತಿಹಾಸ ನೋಡಿದರೆ, ಊರೂರ ಬಾಯಲ್ಲಿ ನಿಲ್ಲುವ ಹಾಡು ಕಟ್ಟುವ ಹಂಬಲ ಈ ಎರೆಮಣ್ಣಿಗೆ ಹೊಸದೇನಲ್ಲ.

ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ 1682ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ದಾಸಪ್ಪ ಎಂಬ ಹುಡುಗ ಮುಂದೆ ವಿಜಯದಾಸರಾದರು. ಅವರು ಕಾಶಿಯಲ್ಲಿದ್ದಾಗ ಪುರಂದರದಾಸರು ಕನಸಿನಲ್ಲಿ ಬಂದು ‘ವಿಜಯವಿಠಲ’ ಎಂಬ ಅಂಕಿತ ಕೊಟ್ಟರೆಂದು ಕಥೆ. ಪುರಂದರದಾಸರು ತೀರಿಹೋಗಿ ಆಗಲೇ ನೂರು ವರ್ಷ ದಾಟಿತ್ತು. ಹಾಡು ಕಟ್ಟುವವರಿಗೆ ಕನಸು ಕಾಣುವ ಹಕ್ಕು ಅಂದಿನಿಂದಲೇ ಇದೆ ಎಂದು ನಾನು ಸಮಾಧಾನ ಪಟ್ಟುಕೊಳ್ಳುತ್ತೇನೆ. ವಿಜಯದಾಸರ ಶಿಷ್ಯರು ಗೋಪಾಲದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರು ಜಗನ್ನಾಥದಾಸರು, ಮಾನ್ವಿ ಸೀಮೆಯ ಬ್ಯಾಗವಾಟದವರು. ಒಂದೇ ಜಿಲ್ಲೆಯಲ್ಲಿ, ನೂರು ಚಿಲ್ಲರೆ ವರ್ಷಗಳಲ್ಲಿ, ಗುರುವಿನಿಂದ ಶಿಷ್ಯನಿಗೆ ಹಾಡು ಹೀಗೆ ಇಳಿದು ಬಂತು.

ಇವರಲ್ಲಿ ಜಗನ್ನಾಥದಾಸರ ಕಥೆ ನನಗೆ ಬಲು ಇಷ್ಟ. ಅವರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ತಾಳ ಹಿಡಿದು ಕನ್ನಡ ಪದ ಹಾಡುವವರೆಂದರೆ ಅವರಿಗೆ ಹಗುರ. ಆಮೇಲೆ ತಾಳಲಾರದ ಹೊಟ್ಟೆನೋವು ಬಂದು, ವಿಜಯದಾಸರ ಮಾತಿನಂತೆ ಗೋಪಾಲದಾಸರ ಬಳಿ ಹೋಗಿ ಗುಣವಾದರೆಂದು ಹೇಳುತ್ತಾರೆ. ಕನ್ನಡದ ಹಾಡನ್ನು ಹಳಿದ ಆ ಪಂಡಿತರೇ ಕೊನೆಗೆ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. 1809ರಲ್ಲಿ ತೀರಿಕೊಂಡ ಅವರ ಪದಗಳನ್ನು ನಮ್ಮ ಹೆಂಗಸರು ಇಂದಿಗೂ ಹೇಳುತ್ತಾರೆ. ‘ಬರೀ ಸಿನಿಮಾ ಹಾಡು’ ಎಂದು ಮೂಗು ಮುರಿಯುವವರು ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಈಗ ಅಂಕಿತದ ಮಾತಿಗೆ ಬರೋಣ. ದಾಸರ ಪದದ ಕೊನೆಯ ನುಡಿಯಲ್ಲಿ ದೇವರ ಒಂದು ಹೆಸರು ಬರುತ್ತದೆ. ಅದು ದೇವರ ಹೆಸರೂ ಹೌದು, ಹಾಡು ಯಾರದೆಂಬ ಗುರುತೂ ಹೌದು. ಮುದ್ರಣವಿಲ್ಲದ ಕಾಲದಲ್ಲಿ ಅದೆಂಥ ಜಾಣ ಏರ್ಪಾಡು ನೋಡಿ! ಮಜ್ಜಿಗೆ ಕಡೆಯುತ್ತ ಹಾಡುವವಳು ತನಗರಿವಿಲ್ಲದೆಯೇ ಕವಿಯ ವಿಳಾಸವನ್ನೂ ಹೇಳಿ ಮುಗಿಸುತ್ತಿದ್ದಳು. ಅಂಕಿತವನ್ನು ತಾನೇ ಇಟ್ಟುಕೊಳ್ಳುವ ಹಾಗಿರಲಿಲ್ಲ, ಗುರು ಕೊಡಬೇಕಿತ್ತು. ‘ನೀನು ಹಾಡು ಕಟ್ಟಬಹುದು’ ಎಂದು ಇನ್ನೊಬ್ಬರು ಒಪ್ಪಿದ ಗುರುತು ಅದು.

ಹೆಣ್ಣಿಗೆ ಅದು ಸಿಕ್ಕಿತೆ? ಅಪರೂಪಕ್ಕೆ ಸಿಕ್ಕಿತು. ರಾಣೆಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮನಿಗೆ ಅಂಕಿತ ಕೊಟ್ಟವರು ಇದೇ ಮೊಸರಕಲ್ಲಿನ ಗೋಪಾಲದಾಸರು ಎಂಬ ಪ್ರತೀತಿ ಇದೆ. ‘ಹೆಳವನಕಟ್ಟೆ ರಂಗ’ ಎಂಬ ಆ ಗುರುತು ಇದ್ದುದರಿಂದಲೇ ಅವಳ ಹಾಡುಗಳು ಇಂದು ಅವಳವಾಗಿ ಉಳಿದಿವೆ. ಗುರುತಿಲ್ಲದ ಹಾಡುಗಳು ಏನಾದವು? ಬೀಸುವ ಕಲ್ಲಿನ ಪದ, ಸೋಬಾನೆ, ಜೋಗುಳಗಳನ್ನು ಕಟ್ಟಿದವರ ಹೆಸರು ಹಿಟ್ಟಿನ ಜೊತೆ ಬೀಸಿ ಹೋಯಿತು. ವಿದ್ವಾಂಸರು ಸಂಗ್ರಹಿಸಿದಾಗ ಅವಕ್ಕೆ ‘ಜನಪದ’ ಎಂದು ಹೆಸರಿಟ್ಟರು. ದೊಡ್ಡ ಹೆಸರೇ, ಆದರೆ ಅದರಲ್ಲಿ ಒಬ್ಬ ಗಂಗವ್ವನೂ ಇಲ್ಲ, ನಿಂಗವ್ವನೂ ಇಲ್ಲ.

ಒಡಪನ್ನೇ ನೋಡಿ. ನಮ್ಮ ಕಡೆ ಮದುವೆಯಲ್ಲಿ ಪ್ರತಿ ಸೊಸೆಯೂ ಪ್ರಾಸ ಕಟ್ಟಿ ಒಡಪು ಹೇಳಲೇಬೇಕು. ಅಂದರೆ ನಮ್ಮಲ್ಲಿ ಕವಿಯಾಗದ ಮದುಮಗಳೇ ಇಲ್ಲ! ಆದರೆ ಅದರ ಕೊನೆಯಲ್ಲಿ ಬರುವುದು ಗಂಡನ ಹೆಸರು. ಪ್ರಾಸ ಅವಳದು, ಅಂಕಿತ ಅವನದು.

ಕಟ್ಟಿದವರು ತಮ್ಮ ಹೆಸರನ್ನೇ ಹಾಡಿನೊಳಗೆ ಕೂಡಿಸುವ ರೂಢಿಯೂ ರಾಯಚೂರಿಗೆ ಬಂತು, ಬೇರೆ ದಾರಿಯಿಂದ. 1948ರವರೆಗೆ ನಾವು ನಿಜಾಮನ ಹೈದರಾಬಾದಿನಲ್ಲಿದ್ದೆವು. ಶಾಲೆಯಲ್ಲಿ, ಕಚೇರಿಯಲ್ಲಿ ಉರ್ದು. ಹೀಗಾಗಿ ಗಜಲ್ ಇಲ್ಲಿನವರ ಕಿವಿಗೆ ಬಿದ್ದಿತ್ತು. ಗಜಲ್‌ನ ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಕಾವ್ಯನಾಮವನ್ನು ತರುತ್ತಾನೆ. 1924ರಲ್ಲಿ ಲಿಂಗಸುಗೂರು ತಾಲ್ಲೂಕಿನ ಹೆಂಬೇರಾಳದಲ್ಲಿ ಹುಟ್ಟಿದ ಶಾಂತರಸರು ಕನ್ನಡದಲ್ಲಿ ಗಜಲ್ ಬರೆದರು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅವರೂ ಗಜಲ್ ಬರೆದರು. ಹೆಣ್ಣೊಬ್ಬಳು ಗಜಲ್ ಬರೆದರೆ ಕೊನೆಯಲ್ಲಿ ದೇವರ ಹೆಸರೂ ಬೇಡ, ಗಂಡನ ಹೆಸರೂ ಬೇಡ, ತನ್ನ ಹೆಸರೇ ಸಾಕು. ಒಡಪಿನಿಂದ ಅಲ್ಲಿಗೆ ಎಷ್ಟು ದೂರದ ದಾರಿ ಎಂಬುದು ನಡೆದವರಿಗೇ ಗೊತ್ತು.

ಸಿನಿಮಾದವರ ಅಂಕಿತಕ್ಕೂ ಜಗಳ ನಡೆದಿದೆ. ಹಾಡು ಬರೆದವರಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು ಎಂಬ ಪದ್ಧತಿ ಬಹಳ ಕಾಲ ನಡೆಯಿತು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾಯಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ಗೌರವಧನದಲ್ಲಿ ಬರೆದವರಿಗೆ ಸಮಪಾಲು ಸಿಗಬೇಕು, ಆ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳುವಂತಿಲ್ಲ ಎಂದಾಯಿತು. ಹೆಸರಿಲ್ಲದಿದ್ದರೆ ಪಾಲು ಕೇಳುವವರಾದರೂ ಯಾರು?

ನಮ್ಮ ಓಣಿಯ ಭಜನಾ ಮಂಡಳಿಯ ನೋಟ್‌ಪುಸ್ತಕಗಳನ್ನು ತೆರೆದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆರತಿ ಹಾಡು, ಸೀಮಂತದ ಹಾಡು, ತೊಟ್ಟಿಲ ಹಾಡು ಬಹಳಷ್ಟು ಸಿನಿಮಾ ಧಾಟಿಯಲ್ಲಿವೆ. ಸಿನಿಮಾ ಕವಿ ಧಾಟಿಗೆ ಮಾತು ಕೂಡಿಸುವ ಹಾಗೆಯೇ ನಮ್ಮ ಹೆಂಗಸರೂ ಕೂಡಿಸಿದ್ದಾರೆ. ಪುಟದ ಮೇಲೆ ‘ಧಾಟಿ’ ಎಂದು ಬರೆದು ಯಾವ ಚಿತ್ರದ ಯಾವ ಹಾಡು ಎಂದು ತಪ್ಪದೆ ನಮೂದಿಸಿದ್ದಾರೆ. ಮಾತು ಕಟ್ಟಿದವಳ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಹೋದ ಶ್ರಾವಣದಲ್ಲಿ ಒಂದು ಸೀಮಂತದ ಹಾಡು ಕೇಳಿ ಬೆರಗಾಗಿ, ಬರೆದವರು ಯಾರೆಂದು ಕೇಳಿದೆ. ಹಾಡಿದಾಕೆ ನಕ್ಕು, “ಯಾರು ಬರದಾರೋ ಗೊತ್ತಿಲ್ರೀ. ನಮ್ಮ ಅತ್ತಿ ಹಾಡ್ತಿದ್ರು. ಅವರೇ ಕಟ್ಟಿರಬೇಕು” ಎಂದರು. ಇಪ್ಪತ್ತು ವರ್ಷಗಳಿಂದ ಮನೆಮನೆಯ ಸೀಮಂತದಲ್ಲಿ ಹಾಡಿಸಿಕೊಂಡ ಹಾಡು! ಹಿಟ್ ಎನ್ನಲು ಇನ್ನೇನು ಬೇಕು? ಆ ಅತ್ತೆಯ ಹೆಸರು ಕೇಳಿ ತಿಳಿದುಕೊಂಡು, ಅವರ ನೋಟ್‌ಪುಸ್ತಕದಲ್ಲೇ ಹಾಡಿನ ಕೊನೆಯ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದೆ.